ಮಡಿಲಲ್ಲೊಂದು ಮರಳಿನ ಚೀಲ

ಬೆಳಗಿನ ಎಳೆಬಿಸಿಲಿನಲ್ಲಿ ಒಬ್ಬ ಸಣಕಲು ಮನುಷ್ಯರು ಬ್ಯಾಟರಿ ಗಾಲಿಕುರ್ಚಿಯಲ್ಲಿ ಕುಳಿತು, ಮಡಿಲಲ್ಲಿ ಮರಳಿನ ಚೀಲವೊಂದನ್ನು ಮಗುವಿನಂತೆ ತಬ್ಬಿಕೊಂಡು ರಸ್ತೆಯ ಅಂಚಿನಲ್ಲಿ ಬರುತ್ತಿದ್ದರೆ, ನಮ್ಮ ಬೀದಿಯವರು ಯಾರೂ ತಿರುಗಿ ನೋಡುತ್ತಿರಲಿಲ್ಲ. ಹೊಸಬರು ಮಾತ್ರ ನೋಡುತ್ತಿದ್ದರು, ನೋಡಿ ಮರುಗುತ್ತಿದ್ದರು. ಒಮ್ಮೆ ಒಬ್ಬ ದೊಡ್ಡ ಮನುಷ್ಯರು ಕೈ ಅಡ್ಡ ಹಿಡಿದು ಎರಡೂ ಕಡೆಯ ವಾಹನಗಳನ್ನು ನಿಲ್ಲಿಸಿ, ಆ ಕುರ್ಚಿಯನ್ನು ಬಹಳ ಜೋಪಾನವಾಗಿ ರಸ್ತೆ ದಾಟಿಸಿದರು. ಆಚೆ ಬದಿಗೆ ಬಂದದ್ದೇ, ಕುರ್ಚಿಯಲ್ಲಿದ್ದವರು ಚೀಲವನ್ನು ಸೀಟಿನ ಮೇಲಿಟ್ಟು ಎದ್ದು ನಿಂತು, ಮೈಮುರಿದು, ಮೂರು ಮೆಟ್ಟಿಲು ಹತ್ತಿ ಟೀ ಅಂಗಡಿಯೊಳಗೆ ಹೋದರು. ದೊಡ್ಡ ಮನುಷ್ಯರ ಬಾಯಿ ತೆರೆದದ್ದು ತೆರೆದೇ ಇತ್ತು.

ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಹೇಳಿದ: “ಗಾಬರಿ ಆಗ್ಬೇಡಿ ಸಾರ್. ದಿನಾ ಈ ಹೊತ್ತಿಗೆ ಅವರಿಗೆ ಕಾಲು ಬರುತ್ತೆ. ಟೀ ಮುಗಿಯೋವರೆಗೆ ಇರುತ್ತೆ, ಆಮೇಲೆ ಮತ್ತೆ ಹೋಗುತ್ತೆ.”

ಅವರೇ ಮೆಲ್ಲಣ್ಣ. ಅದು ಹೆತ್ತವರು ಇಟ್ಟ ಹೆಸರಲ್ಲ. ಎಲ್ಲರೂ ಓಡುವ ಬೀದಿಯಲ್ಲಿ ಇಪ್ಪತ್ತು ವರ್ಷ ಕಾಲ್ನಡಿಗೆಯ ವೇಗದಲ್ಲಿ ಓಡಾಡಿದ್ದಕ್ಕೆ ಊರು ಕೊಟ್ಟ ಬಿರುದು. ಊರಿನ ಬ್ಯಾಟರಿ ಗಾಲಿಕುರ್ಚಿಗಳನ್ನು ಪರೀಕ್ಷಿಸಿ, ದುರಸ್ತಿ ಮಾಡಿ, ಮತ್ತೆ ಯಜಮಾನರ ಕೈಗೆ ಒಪ್ಪಿಸುವುದು ಅವರ ಕೆಲಸ. ಮೊದಲು ನೂಲಿನ ಗಿರಣಿಯಲ್ಲಿ ಮೋಟರುಗಳನ್ನು ನೋಡಿಕೊಳ್ಳುತ್ತಿದ್ದರಂತೆ. ಅವರ ತಾಯಿಗೆ ಕಾಲಿನ ಶಕ್ತಿ ಹೋದಾಗ ಯಾರೋ ಒಂದು ಹಳೆಯ ಬ್ಯಾಟರಿ ಕುರ್ಚಿ ಕೊಟ್ಟರು. ಮೆಲ್ಲಣ್ಣ ಅದನ್ನು ಬಿಚ್ಚಿ, ಒರೆಸಿ, ಬ್ಯಾಟರಿಗೆ ಚಾರ್ಜು ತುಂಬಿ, ಮೀಟರು ಹಚ್ಚಿ ನೋಡಿದರು. ಮುಳ್ಳು ತುಂಬಿದ ಗುರುತಿನ ಮೇಲೇ ನಿಂತಿತ್ತು. ತಾಯಿ ಹೆಮ್ಮೆಯಿಂದ ತಂಗಿಯ ಮನೆಗೆಂದು ಹೊರಟರು. ಎರಡನೆಯ ತಿರುವಿನಲ್ಲೇ ಕುರ್ಚಿ ಉಸಿರು ಬಿಟ್ಟಿತು. ಮಗ ಓಡಿ ಬರುವವರೆಗೆ ಅವರು ಒಂದು ಗಂಟೆ ಬಿಸಿಲಲ್ಲಿ ಕುಳಿತಿದ್ದರು.

ಆ ಒಂದು ಗಂಟೆಯನ್ನು ಮೆಲ್ಲಣ್ಣ ಮರೆಯಲಿಲ್ಲ. “ಕೆಲಸ ಇಲ್ದೆ ಕೂತಿರೋ ಬ್ಯಾಟರಿ ಏನ್ ಬೇಕಾದ್ರೂ ಹೇಳುತ್ತೆ ಸಾರ್,” ಎನ್ನುತ್ತಿದ್ದರು. “ಅದರ ಮೇಲೆ ಭಾರ ಹೊರಿಸಿ ಕೇಳ್ಬೇಕು. ಆಗ ನಿಜ ಬಾಯಿ ಬಿಡುತ್ತೆ.”

ಆದ್ದರಿಂದ ಅವರು ಪ್ರತಿ ಕುರ್ಚಿಯನ್ನೂ ಅದರ ಯಜಮಾನರಷ್ಟೇ ಭಾರ ಹೊರಿಸಿ, ಯಜಮಾನರು ಹೋಗುವ ದಾರಿಯಲ್ಲೇ ಓಡಿಸಿ ನೋಡುತ್ತಿದ್ದರು. ಭಾರಕ್ಕೆ ತಾವೇ ಕುಳಿತುಕೊಳ್ಳುತ್ತಿದ್ದರು. ಯಜಮಾನರು ಇವರಿಗಿಂತ ದಪ್ಪಗಿದ್ದರೆ ಹೆಚ್ಚಿನ ತೂಕಕ್ಕೆ ಮಡಿಲಲ್ಲಿ ಮರಳಿನ ಚೀಲ. ಐದು ಕೆಜಿಯದೊಂದು, ಹತ್ತರದೊಂದು, ಇಪ್ಪತ್ತರದೊಂದು. ದಪ್ಪ ಕ್ಯಾನ್‌ವಾಸಿನ ಮೇಲೆ ಕೆಂಪು ಬಣ್ಣದಲ್ಲಿ ಅಂಕಿ ಬರೆದಿತ್ತು. ಗೋಡೆಯ ಮೇಲೆ ಪ್ರತಿ ಕುರ್ಚಿಗೂ ಒಂದು ಚೀಟಿ: ಯಜಮಾನರ ತೂಕ, ಹೋಗುವ ದಾರಿ, ಏರು ಎಲ್ಲಿದೆ, ರಸ್ತೆ ಎಲ್ಲಿ ಕಿತ್ತಿದೆ, ಕೊನೆಯ ಪರೀಕ್ಷೆ ಯಾವಾಗ. ಅಂಥ ಚೀಟಿಗಳು ಮೂವತ್ತನಾಲ್ಕಿದ್ದವು.

ಅಂಗಡಿ ಬೀದಿಯ ಕೊನೆಯಲ್ಲಿತ್ತು. ಉದ್ದನೆಯ ಇಕ್ಕಟ್ಟಾದ ಕೋಣೆ. ಹಿಂದಿನ ಕಿಟಕಿಯಿಂದ ಹೊಳೆಯ ಬೆಳಕು ಬಂದು ಸೂರಿನ ಮೇಲೆ ಅಲುಗುತ್ತಿತ್ತು. ದುರಸ್ತಿಗೆ ಬಂದ ಕುರ್ಚಿಗಳು ಗೋಡೆಯ ಕಡೆ ಮುಖ ಮಾಡಿ, ಮನೆಗೆಲಸ ಮಾಡದೆ ಬಂದ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಹಲಗೆಯ ಮೇಲೆ ಚಾರ್ಜರುಗಳ ಪುಟ್ಟ ಹಸಿರು ದೀಪಗಳು. ಮಧ್ಯಾಹ್ನದ ಹೊತ್ತು ಅಲ್ಲಿಗೆ ಹೋದರೆ ನೀರಿನೊಳಗೆ ಹೊಕ್ಕಂತೆ ಆಗುತ್ತಿತ್ತು. ಮಾತು ತಾನಾಗಿ ತಗ್ಗುತ್ತಿತ್ತು.

ಅವರು ಮೋಟರಿನ ದನಿ ಕೇಳುವುದನ್ನು ನೋಡಬೇಕಾಗಿತ್ತು. ಕುರ್ಚಿಯ ಗಾಲಿಗಳು ನೆಲಕ್ಕೆ ತಾಗದಂತೆ ಎತ್ತಿ ಕಟ್ಟಿ, ಮೋಟರು ತಿರುಗಲು ಬಿಟ್ಟು, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಯ ಎಲುಬಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ಐದು ನಿಮಿಷ, ಕೆಲವೊಮ್ಮೆ ಹತ್ತು. ನಿದ್ದೆ ಹೋದರೋ ಏನೋ ಎನ್ನಿಸುವಷ್ಟು ಹೊತ್ತು. ಆಮೇಲೆ ಎಲ್ಲೋ ದೂರದಿಂದ ಬಂದವರಂತೆ ಕಣ್ಣು ಬಿಟ್ಟು, “ಬೇರಿಂಗು ಒಣಗಿದೆ” ಎಂದೋ, “ಒಳಗೆ ಕಾರ್ಬನ್ ಸವೆದಿದೆ, ಇನ್ನೆರಡು ತಿಂಗಳು ಅಷ್ಟೆ” ಎಂದೋ ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು.

ನನ್ನ ಹೆಂಡತಿಯ ಕುರ್ಚಿಯನ್ನೂ ಅವರೇ ನೋಡಿಕೊಂಡರು, ಅವಳಿದ್ದಷ್ಟು ಕಾಲ. ಒಂದು ಸಲ ಹೀಗೆ ಕೇಳಿಸಿಕೊಂಡು, “ನಿಮ್ಮ ಮನೆಯವರು ಯಾವಾಗ್ಲೂ ಬಲಕ್ಕೇ ತಿರುಗ್ತಾರಲ್ವಾ ಸಾರ್? ಎಡಗಡೆ ಮೋಟರು ಬಲದ್ದಕ್ಕಿಂತ ಜಾಸ್ತಿ ದುಡಿದಿದೆ” ಎಂದರು. ಮನೆಗೆ ಬಂದು ಹೇಳಿದಾಗ ಅವಳು ನಕ್ಕಳು. ಅವಳ ಮಂಚದ ಬಲಕ್ಕೆ ಕಿಟಕಿ ಇತ್ತು. ಕಿಟಕಿಯಾಚೆ ಬೀದಿ ಇತ್ತು. ಒಬ್ಬ ಮನುಷ್ಯ ದಿನವಿಡೀ ಯಾವ ಕಡೆಗೆ ಹಂಬಲಿಸುತ್ತಾನೆ ಎನ್ನುವುದು ಮೋಟರಿನ ದನಿಯಲ್ಲಿ ಮೆಲ್ಲಣ್ಣನಿಗೆ ಕೇಳಿಸುತ್ತಿತ್ತು.

ಪರೀಕ್ಷೆಯಲ್ಲಿ ಗೆದ್ದ ಕುರ್ಚಿಯ ಕೈಪಟ್ಟಿಗೆ ಅವರು ಒಂದು ನೀಲಿ ದಾರ ಕಟ್ಟುತ್ತಿದ್ದರು. ಆರು ತಿಂಗಳು ಚಿಂತೆ ಇಲ್ಲ ಎಂದು ಅದರ ಅರ್ಥ. ಆ ದಾರದ ಉಂಡೆಯನ್ನು ಕೊಟ್ಟವರು ಹೊಲಿಗೆಯಕ್ಕ.

ಹೊಲಿಗೆಯಕ್ಕನ ಮನೆ ಹೊಳೆಯ ಈ ದಡದಲ್ಲಿ, ಹೊಲಿಗೆ ಅಂಗಡಿ ಆ ದಡದಲ್ಲಿ. ನಡುವೆ ಉದ್ದನೆಯ ಕಬ್ಬಿಣದ ಸೇತುವೆ. ಚಿಕ್ಕಂದಿನಿಂದ ಅವರಿಗೆ ಕಾಲಿಲ್ಲ. ಕಾಲಿನ ಪಾಲನ್ನೂ ಕೈಗಳೇ ತೆಗೆದುಕೊಂಡಿದ್ದವು ಎನ್ನುವಷ್ಟು ಚುರುಕು ಆ ಕೈಗಳಿಗೆ. ಮೋಟರು ಹೂಡಿದ ಮಷೀನಿನ ಗುಂಡಿಯನ್ನು ಮೊಣಕೈಯಿಂದ ಒತ್ತಿ ಹೊಲಿಯುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿಯ ಹಿಂದೆ ಬಟ್ಟೆಯ ಗಂಟು ತೂಗುಹಾಕಿಕೊಂಡು ಸೇತುವೆ ದಾಟಿ ಹೋದರೆ ಸಂಜೆ ಐದಕ್ಕೆ ವಾಪಸು. ಯಾರ ಹಂಗೂ ಇರಲಿಲ್ಲ. ಹೋಗುವಾಗಲೂ ಬರುವಾಗಲೂ ಸೇತುವೆಯ ನಡುವೆ ಒಂದೈದು ನಿಮಿಷ ಕುರ್ಚಿ ನಿಲ್ಲಿಸುವುದು ಅವರ ರೂಢಿ. ಯಾಕೆ ಎಂದು ಯಾರೂ ಕೇಳಿರಲಿಲ್ಲ, ಸುಸ್ತಾಗುತ್ತದೇನೋ ಎಂದುಕೊಂಡಿದ್ದರು.

ಅವರ ಅಣ್ಣ ಬಸ್ ಡ್ರೈವರು. ಒಂದೇ ಮನೆ. ಅಣ್ಣನೂ ದಿನಕ್ಕೆ ಹನ್ನೆರಡು ಸಲ ಅದೇ ಸೇತುವೆಯ ಮೇಲೆ ಬಸ್ಸು ಓಡಿಸುತ್ತಿದ್ದ. ತಂಗಿ ಕಾಲುದಾರಿಯಲ್ಲಿ ಕಂಡರೆ ಎರಡು ಸಲ ಹಾರ್ನು ಒತ್ತುತ್ತಿದ್ದ. ಅವರು ತಿರುಗಿ ನೋಡದೆ ಕೈ ಮಾತ್ರ ಎತ್ತುತ್ತಿದ್ದರು.

ಮೆಲ್ಲಣ್ಣ ಆ ಕುರ್ಚಿಗೆ ನೀಲಿ ದಾರ ಕಟ್ಟಿ ಎಂಟು ದಿನವೂ ಆಗಿರಲಿಲ್ಲ. ಅಂದು ಸಂಜೆ ಸೇತುವೆಯ ನಟ್ಟನಡುವೆ ಕುರ್ಚಿ ನಿಂತುಹೋಯಿತು. ಹಿಡಿಕೆಯ ಬಳಿ ಚಾರ್ಜು ತೋರಿಸುವ ಐದು ದೀಪಗಳು ಒಂದೊಂದಾಗಿ ಆರಿದವು. ಹೊಲಿಗೆಯಕ್ಕ ದಾರಿಹೋಕರನ್ನು ಕೂಗಬಹುದಾಗಿತ್ತು, ಬಾಯಿ ಬರಲಿಲ್ಲವಂತೆ. ಯಾವಾಗಲೂ ನಿಲ್ಲುವ ಜಾಗವೇ ಆದ್ದರಿಂದ ಯಾರೂ ಅನುಮಾನಪಡಲಿಲ್ಲ. ಅಣ್ಣನ ಬಸ್ಸು ಒಮ್ಮೆ ಆಚೆಗೆ ಹೋಯಿತು, ಎರಡು ಹಾರ್ನು. ಒಮ್ಮೆ ಈಚೆಗೆ ಬಂತು, ಎರಡು ಹಾರ್ನು. ಮೂರನೆಯ ಸಲ ಬರುವಾಗ ಮಳೆ ಹನಿಯತೊಡಗಿತ್ತು. ತಂಗಿ ಇನ್ನೂ ಅಲ್ಲೇ ಇದ್ದರು. ಅಣ್ಣ ಬಸ್ಸನ್ನು ಸೇತುವೆಯ ಮಧ್ಯದಲ್ಲೇ ನಿಲ್ಲಿಸಿ ಇಳಿದು ಓಡಿದ. ನಲವತ್ತು ಜನ ಪ್ರಯಾಣಿಕರು, ಕಂಡಕ್ಟರನ ಬೊಬ್ಬೆ, ಹಿಂದೆ ವಾಹನಗಳ ಸಾಲು, ಯಾವುದನ್ನೂ ಲೆಕ್ಕಿಸದೆ ಆ ಭಾರವಾದ ಕುರ್ಚಿಯನ್ನು ದಡದವರೆಗೆ ತಳ್ಳಿಕೊಂಡು ಬಂದ.

ಮರುದಿನ ಬೆಳಿಗ್ಗೆ ಅದೇ ಕುರ್ಚಿಯನ್ನು ತಳ್ಳಿಕೊಂಡು ಮೆಲ್ಲಣ್ಣನ ಅಂಗಡಿಗೆ ಬಂದ. ನಾನು ಆಗ ಅಲ್ಲೇ ಇದ್ದೆ.

“ಏನ್ರೀ ಇದು?” ಎಂದು ನೀಲಿ ದಾರವನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದ. “ಈ ದಾರ ಏನು, ಅಲಂಕಾರಕ್ಕಾ?”

“ಕುರ್ಚಿ ನಿಂತ್ಹೋಯ್ತಂತೆ, ಕೇಳಿದೆ...”

“ಕೇಳಿದ್ರಾ? ನಾನು ನೋಡಿದೆ. ನೋಡಿ ಹಾರ್ನ್ ಹೊಡ್ಕೊಂಡು ಹೋದೆ. ಒಂದು ಸಲ ಅಲ್ಲ, ಎರಡು ಸಲ! ಸುಮ್ನೆ ನಿಂತಿದಾಳೆ ಅಂದ್ಕೊಂಡೆ. ಅವಳು ಮುಕ್ಕಾಲು ಗಂಟೆ ಅಲ್ಲೇ ಕೂತಿದ್ಲು ಮೆಲ್ಲಣ್ಣ.” ಅವನ ದನಿ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಇನ್ನೂ ಜೋರಾಗಿ ಹೇಳಿದ: “ಮುಂದಿನ ಭಾನುವಾರದವರೆಗೆ ನೋಡ್ತೀನಿ. ಇದು ಯಾಕೆ ನಿಂತ್ಹೋಯ್ತು, ಇನ್ಮೇಲೆ ನಿಲ್ಲಲ್ಲ ಅಂತ ನನಗೆ ಮನವರಿಕೆ ಆಗ್ಬೇಕು. ಆಗ್ಲಿಲ್ವೋ, ಆ ದಡದ ಅಂಗಡಿಗೆ ಬೀಗ. ಮಷೀನು ಮನೆಗೆ ತರ್ತೀನಿ. ಮನೆಲೇ ಕೂತು ಹೊಲೀಲಿ.”

“ಅವರು ಒಪ್ಪಿದ್ರಾ?”

“ಒಪ್ಪಿಲ್ಲ. ನಿನ್ನೆ ರಾತ್ರಿಯಿಂದ ಮಾತು ಬಿಟ್ಟಿದಾಳೆ. ಬಿಡ್ಲಿ. ಮಾತು ಬಿಟ್ರೂ ಮನೇಲಿರ್ತಾಳಲ್ಲ.”

ಅವನು ಹೋದ ಮೇಲೆ ಮೆಲ್ಲಣ್ಣ ಕತ್ತರಿ ತೆಗೆದುಕೊಂಡು ನೀಲಿ ದಾರವನ್ನು ಕತ್ತರಿಸಿದರು. ಇಪ್ಪತ್ತು ವರ್ಷದಲ್ಲಿ ಕಟ್ಟಿದ ದಾರವನ್ನು ಅವರೇ ಕತ್ತರಿಸಿದ್ದು ಅದೇ ಮೊದಲು.

ನಾಲ್ಕು ದಿನ ಅವರು ಬೇರೆ ಕುರ್ಚಿಯನ್ನು ಮುಟ್ಟಲಿಲ್ಲ. ಎರಡೂ ಮೋಟರು ಬಿಚ್ಚಿ ನೋಡಿದರು. ಒಳಗೆ ಕನ್ನಡಿಯಂತೆ ಇತ್ತು. ವೈರುಗಳನ್ನು ಬೆರಳಿನಿಂದ ಗೇಣು ಗೇಣು ತಡವಿದರು. ಚಾರ್ಜರು ಬದಲಾಯಿಸಿದರು, ಮತ್ತೆ ಹಳೆಯದನ್ನೇ ಹಾಕಿದರು. ಸೀಟಿನ ಕೆಳಗೆ ಜೋಡೆತ್ತುಗಳ ಹಾಗೆ ಕೂತಿದ್ದ ಎರಡು ಬ್ಯಾಟರಿಗಳನ್ನು ಬೇರೆ ಬೇರೆಯಾಗಿಯೂ ಒಟ್ಟಿಗೂ ಅಳೆದರು. ಪ್ರತಿದಿನ ಬೆಳಿಗ್ಗೆ ಇಪ್ಪತ್ತು ಕೆಜಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸೇತುವೆಯ ಮೇಲೆ ಹೋಗಿ ಬಂದರು. ಹೊಳೆಯ ಮೇಲೆ ಮಂಜು ಇರುತ್ತಿತ್ತು. ನಡುಸೇತುವೆ ತಲಪುವಾಗ ಎರಡು ದಡವೂ ಮಾಯವಾಗಿ, ಆಕಾಶದಲ್ಲಿ ತೂಗುಬಿದ್ದ ದಾರಿಯಲ್ಲಿ ಒಬ್ಬ ಮನುಷ್ಯ ಒಂದು ಚೀಲ ಹೊತ್ತು ಮೆಲ್ಲಗೆ ತೇಲುತ್ತಿರುವಂತೆ ಕಾಣುತ್ತಿತ್ತು. ಕುರ್ಚಿ ಒಮ್ಮೆಯೂ ನಿಲ್ಲಲಿಲ್ಲ. ಪ್ರತಿಸಲವೂ ಐದು ದೀಪಗಳಲ್ಲಿ ಒಂದು ಉಳಿದೇ ಇರುತ್ತಿತ್ತು.

“ನನ್ನ ಎದುರು ಒಳ್ಳೆಯವನ ಹಾಗೆ ನಟಿಸುತ್ತೆ,” ಎಂದರು ಟೀ ಅಂಗಡಿಯಲ್ಲಿ. ಅಂದು ಟೀ ಮುಂದಿಟ್ಟದ್ದು ಆರಿಹೋಯಿತು.

“ನಿಮ್ಮ ಮೇಲೆ ಹೆದರಿಕೆ ಇರ್ಬೇಕು,” ಎಂದ ಟೀ ಅಂಗಡಿಯವನು. “ನನ್ನ ಮಗ ಹಾಗೇ. ಮೇಷ್ಟ್ರ ಎದುರು ಮಗ್ಗಿ ಸರಾಗ, ಮನೇಲಿ ಏಳೇಳಲ ಕೇಳಿದ್ರೆ ಹೊಟ್ಟೆನೋವು.”

ಶುಕ್ರವಾರ ಮಧ್ಯಾಹ್ನ ಹೊಲಿಗೆಯಕ್ಕನೇ ಬಂದರು, ಕೈಯಿಂದ ತಳ್ಳುವ ಹಳೆಯ ಕುರ್ಚಿಯಲ್ಲಿ. ತಳ್ಳುತ್ತಿದ್ದವನು ಟೀ ಅಂಗಡಿಯವನೇ. ಅವರು ಇನ್ನೊಬ್ಬರಿಂದ ತಳ್ಳಿಸಿಕೊಂಡು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಖ ಗಂಟುಹಾಕಿಕೊಂಡಿದ್ದರು.

“ಏನಾಯ್ತು ಮೆಲ್ಲಣ್ಣ? ರೋಗ ಗೊತ್ತಾಯ್ತಾ?”

“ರೋಗಾನೇ ಇಲ್ಲ ತಾಯಿ. ಅದೇ ನನ್ನ ರೋಗ.”

“ಅಣ್ಣ ಮನೇಲಿ ಜಾಗ ಅಳೀತಿದಾನೆ. ಮಷೀನು ಅಡುಗೆಮನೆ ಪಕ್ಕ ಇಡ್ತಾನಂತೆ. ಅಲ್ಲಿ ಗೋಡೆ ಇದೆ, ಎದುರಿಗೂ ಗೋಡೆ ಇದೆ.” ತಮ್ಮ ಕುರ್ಚಿಯ ಕಡೆ ಕೈ ತೋರಿಸಿ ಕೇಳಿದರು: “ನೀವು ಪರೀಕ್ಷೆ ಹೇಗೆ ಮಾಡ್ತೀರಿ? ನನಗೆ ಮಾಡಿ ತೋರ್ಸಿ.”

ಮೆಲ್ಲಣ್ಣ ಕುರ್ಚಿಯಲ್ಲಿ ಕುಳಿತು, ಚೀಲ ಎತ್ತಿ ಮಡಿಲಿಗಿಟ್ಟುಕೊಂಡರು. “ನಾನು ಅರವತ್ತೆರಡು, ಚೀಲ ಇಪ್ಪತ್ತು. ಎಂಬತ್ತೆರಡು. ನೀವೂ ಎಂಬತ್ತೆರಡು. ಚೀಟಿ ನೋಡಿ.”

ಹೊಲಿಗೆಯಕ್ಕ ಚೀಟಿಯನ್ನು ನೋಡಲಿಲ್ಲ. ಚೀಲವನ್ನೇ ನೋಡುತ್ತಿದ್ದರು. “ಅದನ್ನ ಸ್ವಲ್ಪ ಇಲ್ಲಿ ಕೊಡಿ.”

“ಭಾರ ಇದೆ ತಾಯಿ.”

“ನನಗೆ ಭಾರ ಹೇಳಿಕೊಡ್ತೀರಾ? ಕೊಡಿ ಇಲ್ಲಿ.”

ಚೀಲವನ್ನು ಮಡಿಲಿಗೆ ತೆಗೆದುಕೊಂಡು, ಎರಡು ಕೈಯಲ್ಲಿ ಒಂದು ಗೇಣು ಎತ್ತಿ ಇಳಿಸಿದರು. ಮತ್ತೊಮ್ಮೆ ಎತ್ತಿ ಇಳಿಸಿದರು. ಮೂವತ್ತು ವರ್ಷ ಬಟ್ಟೆಯ ಗಂಟುಗಳನ್ನು ಎತ್ತಿ ಇಳಿಸಿದ ಕೈಗಳು. “ಇದು ಇಪ್ಪತ್ತಿಲ್ಲ,” ಎಂದರು.

“ಬರೆದಿದೆಯಲ್ಲ.”

“ಬರೆದಿದ್ದು ಯಾವಾಗ?”

“ಹನ್ನೊಂದು ವರ್ಷ ಆಯ್ತೇನೋ. ಹಳೇ ಚೀಲ ಹರಿದಿತ್ತು. ಹೊಳೆಯಿಂದ ಮರಳು ತಂದು ತುಂಬಿ, ತೂಗಿ, ಬಾಯಿ ಹೊಲಿಸಿ, ಅಂಕಿ ಬರೆದೆ. ಈ ಚೀಲದ ಬಾಯಿ ಹೊಲಿದುಕೊಟ್ಟಿದ್ದು ನೀವೇ.”

“ಹೊಳೆ ಮರಳು,” ಎಂದರು ಹೊಲಿಗೆಯಕ್ಕ ನಿಧಾನವಾಗಿ. “ಅವತ್ತು ನನ್ನ ಕೈ ಒದ್ದೆ ಆಗಿತ್ತು. ನೆನಪಿದೆ. ಸೂಜಿ ಜಾರ್ತಿತ್ತು.”

ಮೆಲ್ಲಣ್ಣ ಚೀಲದ ಬಾಯಿಯ ಹೊಲಿಗೆಯನ್ನು ಬೆರಳಿನಿಂದ ತಡವಿದರು.

“ಒಗೆದು ಒಣಗಿಸದ ಬಟ್ಟೆಗೆ ಅಳತೆ ಹಾಕಿ ಕತ್ತರಿಸಿದೀರಿ ಮೆಲ್ಲಣ್ಣ,” ಎಂದರು ಅವರು. ದನಿಯಲ್ಲಿ ಕೋಪವಿರಲಿಲ್ಲ.

ಪಕ್ಕದಲ್ಲೇ ಗುಜರಿ ಅಂಗಡಿ. ಅಲ್ಲಿಯ ತಕ್ಕಡಿಯ ಮೇಲೆ ಚೀಲವನ್ನು ಇಟ್ಟರು. ಹದಿನಾರಕ್ಕೆ ಮುಳ್ಳು ನಿಂತಿತು. ಮೆಲ್ಲಣ್ಣ ತಕ್ಕಡಿಯನ್ನು ಒಮ್ಮೆ ಒದ್ದರು. ಹದಿನಾರೇ.

“ಈಗ ನೀವು ಹತ್ತಿ,” ಎಂದರು ಹೊಲಿಗೆಯಕ್ಕ.

“ನಾನ್ಯಾಕೆ? ನಂದು ಅರವತ್ತೆರಡು.”

“ಅದೂ ಹನ್ನೊಂದು ವರ್ಷದ ಹಿಂದಿನದೇನಾ?”

ಮೆಲ್ಲಣ್ಣ ಚಪ್ಪಲಿ ಬಿಟ್ಟು ಹತ್ತಿದರು. ಚಪ್ಪಲಿ ಹಾಕಿಕೊಂಡೂ ಹತ್ತಿದರು. ಐವತ್ತೈದು.

“ಚೀಲಾನೂ ಒಣಗಿದೆ, ನೀವೂ ಒಣಗಿದೀರಿ,” ಎಂದರು ಹೊಲಿಗೆಯಕ್ಕ. ಗುಜರಿಯವನು ಮೊದಲು ನಕ್ಕ, ಆಮೇಲೆ ಟೀ ಅಂಗಡಿಯವನು, ಆಮೇಲೆ ಹೊಲಿಗೆಯಕ್ಕ. ಕೊನೆಗೆ ಮೆಲ್ಲಣ್ಣನೂ ನಕ್ಕರು. “ಅದರ ಮೇಲೆ ನನ್ನ ಬಟ್ಟೆಗಂಟು ಒಂಬತ್ತು ಕೆಜಿ ಇರುತ್ತೆ. ಅದನ್ನ ಲೆಕ್ಕಕ್ಕೆ ಹಿಡಿದಿದ್ರಾ?” ಎಂದರು ಹೊಲಿಗೆಯಕ್ಕ.

ಹಿಡಿದಿರಲಿಲ್ಲ. ಆಸ್ಪತ್ರೆಯಲ್ಲಿ ತೂಗಿದಂತೆ ಬರೀ ಮನುಷ್ಯರನ್ನು ತೂಗಿದ್ದರು. ಅವರು ಹೊತ್ತು ಸಾಗುವುದನ್ನು ತೂಗಿರಲಿಲ್ಲ. ಎಲ್ಲ ಸೇರಿ ಇಪ್ಪತ್ತು ಕೆಜಿ ಕಡಿಮೆ ಭಾರಕ್ಕೆ ಅವರು ದಾರ ಕಟ್ಟಿದ್ದರು. ಅಂದು ಸಂಜೆಯೇ ಸರಿಯಾದ ತೂಕ ಹೇರಿಕೊಂಡು ಸೇತುವೆಗೆ ಹೋದರು. ಕುರ್ಚಿ ಹೋಗುವಾಗ ಸುಮ್ಮನಿತ್ತು. ಬರುವಾಗ ನಟ್ಟನಡುವೆ, ಹಿಂದಿನ ಸಲ ನಿಂತಿದ್ದ ಕಂಬದ ಹತ್ತಿರವೇ, ದೀಪ ಆರಿಸಿಕೊಂಡು ನಿಂತಿತು. ಬ್ಯಾಟರಿಗಳೆರಡೂ ಮುದಿಯಾಗಿದ್ದವು. ಹಗುರ ಹೊರೆಯಲ್ಲಿ ಅದು ಗೊತ್ತಾಗಿರಲಿಲ್ಲ, ಅಷ್ಟೆ.

ಅಂಗಡಿಗೆ ಮರಳಿ ಮೆಲ್ಲಣ್ಣ ಗೋಡೆಯ ಎದುರು ನಿಂತರು. ಮೂವತ್ತನಾಲ್ಕು ಚೀಟಿಗಳು. ಎಲ್ಲದಕ್ಕೂ ಹೆಚ್ಚುಕಡಿಮೆ ಇದೇ ಚೀಲಗಳು, ಇದೇ ಮೈ. ಸೂರಿನ ಮೇಲೆ ಹೊಳೆಯ ಬೆಳಕು ಅಲುಗುತ್ತಿತ್ತು. “ಇಷ್ಟು ಜನ ನನ್ನ ಮಾತು ನಂಬ್ಕೊಂಡು ಬೀದಿಗೆ ಹೋಗ್ತಿದಾರೆ ಸಾರ್,” ಎಂದರು.

ಶನಿವಾರ ಮಧ್ಯಾಹ್ನ ಬಸ್ ಡಿಪೋದ ಕ್ಯಾಂಟೀನಿಗೆ ಹೋದರು. ಡ್ರೈವರು ಊಟ ಮಾಡುತ್ತಿದ್ದ. ಮೆಲ್ಲಣ್ಣ ಎದುರಿಗೆ ಕುಳಿತು, ಮರಳಿನಿಂದ ತಮ್ಮ ತೂಕದವರೆಗೆ ಒಂದನ್ನೂ ಬಿಡದೆ ಹೇಳಿದರು. “ಕುರ್ಚಿ ತಪ್ಪಲ್ಲ, ನಿಮ್ಮ ತಂಗಿ ತಪ್ಪೂ ಅಲ್ಲ. ತಪ್ಪು ನನ್ನದು. ಹೊಸ ಜೋಡಿ ಬ್ಯಾಟರಿ ಕೂರಿಸಿದೀನಿ. ನಾಳೆ ಸರಿಯಾದ ತೂಕ ಇಟ್ಟು ಓಡಿಸಿ ತೋರಿಸ್ತೀನಿ.”

ಡ್ರೈವರು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳುತ್ತಿದ್ದ. ಜಗಳಕ್ಕೆ ಸಿದ್ಧನಾಗಿದ್ದವನಿಗೆ ಜಗಳವೇ ಸಿಗಲಿಲ್ಲ. “ಅದೇ ಚೀಲ ತಬ್ಕೊಂಡಾ?” ಎಂದ. “ನಿಮ್ಮ ಮೇಲೆ ನಂಬಿಕೆ ಇದೆ ಮೆಲ್ಲಣ್ಣ. ಆ ಚೀಲದ ಮೇಲೆ ಇಲ್ಲ.”

“ನಿಮ್ಮ ತೂಕ ಎಷ್ಟು?”

“ತೊಂಬತ್ತು, ತೊಂಬತ್ತೊಂದು. ಯಾಕೆ?”

“ನಿಮ್ಮ ತಂಗಿ, ಅವರ ಬಟ್ಟೆಗಂಟು ಸೇರಿದ್ರೆ ತೊಂಬತ್ತೊಂದು. ನೀವೇ ಕೂತ್ಕೊಳ್ಳಿ.”

ಡ್ರೈವರು ನಕ್ಕ. ಆಮೇಲೆ ಮೆಲ್ಲಣ್ಣ ನಗುತ್ತಿಲ್ಲವೆಂದು ಕಂಡು ನಗು ನಿಲ್ಲಿಸಿದ.

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಮಳೆ ಬಂದು ಹೋಗಿ ಬೀದಿಯೆಲ್ಲ ಹೊಳೆಯುತ್ತಿತ್ತು. ಅಂಗಡಿಯ ಮುಂದೆ ಡ್ರೈವರು ಗಾಲಿಕುರ್ಚಿಯಲ್ಲಿ ಕುಳಿತ. ಗುಜರಿ ತಕ್ಕಡಿಯಲ್ಲಿ ಅವನನ್ನು ಮೊದಲೇ ತೂಗಿ ಆಗಿತ್ತು: ತೊಂಬತ್ತೊಂದೂವರೆ. ಸುತ್ತ ಹತ್ತಾರು ಜನ.

“ಬ್ರೇಕ್ ಎಲ್ಲಿ?” ಎಂದ.

“ಕೈ ಬಿಟ್ರೆ ಅದೇ ಬ್ರೇಕು,” ಎಂದರು ಹೊಲಿಗೆಯಕ್ಕ. ಐದಾರು ದಿನಗಳ ನಂತರ ಅಣ್ಣನಿಗೆ ಅವರು ಆಡಿದ ಮೊದಲ ಮಾತು.

“ಕನ್ನಡಿ?”

“ಹಿಂದಿರೋರು ನಿನ್ನನ್ನ ನೋಡ್ಕೋತಾರೆ. ನೀನು ಮುಂದೆ ನೋಡು.”

ಡ್ರೈವರು ಸಣ್ಣ ಕಡ್ಡಿಯಂಥ ಹಿಡಿಕೆಯನ್ನು ಬಸ್ಸಿನ ಗೇರಿನ ಹಾಗೆ ದಬ್ಬಿದ. ಕುರ್ಚಿ ಜಿಗಿದು ನಿಂತಿತು. “ಡ್ರೈವರ್ ಸಾಹೇಬ್ರೇ, ಟಿಕೆಟ್ ಕೊಡೋದು ಯಾರು?” ಎಂದು ಟೀ ಅಂಗಡಿಯವನು ಕೂಗಿದ. “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ!”

“ಎರಡು ಬೆರಳು ಸಾಕಣ್ಣ,” ಎಂದರು ಹೊಲಿಗೆಯಕ್ಕ, ಈ ಸಲ ಮೆಲ್ಲಗೆ. “ಸೂಜಿಗೆ ದಾರ ಪೋಣಿಸೋ ಹಾಗೆ ಹಿಡ್ಕೋ.”

ಹಾಗೆ ಹಿಡಿದ ಮೇಲೆ ಕುರ್ಚಿ ಹೊರಟಿತು. ನಾವೆಲ್ಲ ಸೇತುವೆಯ ಬುಡದವರೆಗೆ ಹಿಂದೆಯೇ ಹೋದೆವು. ಅಲ್ಲಿಂದ ಮುಂದೆ ಯಾರೂ ಜೊತೆಗೆ ಬರಕೂಡದು ಎಂದು ಮೆಲ್ಲಣ್ಣ ತಡೆದರು. ಆ ದಡದ ಹೊಲಿಗೆ ಅಂಗಡಿಯ ಬಾಗಿಲು ಮುಟ್ಟಿ ವಾಪಸು ಬರಬೇಕು. ಬಂದರೆ ಹೊಲಿಗೆಯಕ್ಕನಿಗೆ ಸೇತುವೆ ಉಳಿಯಿತು. ಇಲ್ಲವಾದರೆ ಅಡುಗೆಮನೆ ಪಕ್ಕದ ಗೋಡೆ.

ಏರಿನಲ್ಲಿ ಕುರ್ಚಿ ಸಣ್ಣದಾಗುತ್ತ ಹೋಯಿತು. ಕಬ್ಬಿಣದ ಕಂಬಿಗಳ ಹಿಂದೆ ಅವನ ಬೆನ್ನು ಕಾಣುತ್ತ, ಮರೆಯಾಗುತ್ತ, ಕಾಣುತ್ತ ಹೋಗಿ ಆಚೆ ದಡದ ಬೆಳಕಿನಲ್ಲಿ ಕರಗಿತು. ಹೊಲಿಗೆಯಕ್ಕ ನೀಲಿ ದಾರದ ಉಂಡೆಯನ್ನು ಕೈಯಲ್ಲಿ ಹಿಡಿದಿದ್ದರು. ಸುಮಾರು ಹೊತ್ತಾದ ಮೇಲೆ ಮತ್ತೆ ಒಂದು ಚುಕ್ಕೆ ಕಾಣಿಸಿತು. ಬರುತ್ತಿತ್ತು. ಬರುತ್ತ ಬರುತ್ತ ಸೇತುವೆಯ ನಟ್ಟನಡುವೆ ನಿಂತಿತು.

ಒಂದು ನಿಮಿಷ ಕಳೆಯಿತು, ಎರಡಾಯಿತು. ಚುಕ್ಕೆ ಕದಲಲಿಲ್ಲ.

ಮೆಲ್ಲಣ್ಣ ಮೀಟರಿನ ಚೀಲ ಹೆಗಲಿಗೆ ಹಾಕಿಕೊಂಡು ಓಡಿದರು. ಅವರು ಓಡಿದ್ದನ್ನು ಊರು ಅದುವರೆಗೆ ಕಂಡಿರಲಿಲ್ಲ. ಟೀ ಅಂಗಡಿಯವನಿಗೆ ಕೂಡ ತಮಾಷೆ ಹೊಳೆಯಲಿಲ್ಲ. ನಾನು ಹೊಲಿಗೆಯಕ್ಕನ ಕುರ್ಚಿ ತಳ್ಳಿಕೊಂಡು ಹಿಂದೆ ಹೊರಟೆ.

ಅರ್ಧ ದಾರಿಯಲ್ಲಿ ಅವರು, “ಸಾರ್, ನಿಧಾನ. ಅದು ಕೆಟ್ಟಿಲ್ಲ” ಎಂದರು.

“ಹೇಗೆ ಗೊತ್ತು?”

“ಕುರ್ಚಿ ಕೆಟ್ಟು ನಿಂತವರು ದಾರಿ ನೋಡ್ತಾರೆ. ಅಣ್ಣ ನೀರು ನೋಡ್ತಿದಾನೆ.”

ನಾವು ತಲಪುವಾಗ ಮೆಲ್ಲಣ್ಣ ಏದುಸಿರು ಬಿಡುತ್ತ ಸೀಟಿನ ಕೆಳಗೆ ಮೀಟರಿನ ಎರಡು ಮೊನೆ ಚುಚ್ಚುತ್ತಿದ್ದರು. “ನಿಂತ್ಹೋಯ್ತಾ? ಎಲ್ಲಿ ನಿಂತಿತು? ದೀಪ ಆರಿತ್ತಾ?”

“ಇಲ್ಲ ಮೆಲ್ಲಣ್ಣ,” ಎಂದ ಡ್ರೈವರು. ಅವನ ಕೈಗಳು ಮಡಿಲಲ್ಲಿದ್ದವು. “ನಾನೇ ನಿಲ್ಲಿಸಿದೆ.”

ಅವನು ಕಂಬಿಗಳ ನಡುವಿನಿಂದ ನೋಡುತ್ತಿದ್ದ. ಸೇತುವೆಯ ಅಡ್ಡಪಟ್ಟಿ ನಿಂತವರ ಕಣ್ಣಿಗೆ ಸರಿಯಾಗಿ ಅಡ್ಡ ಬರುತ್ತಿತ್ತು. ಬಸ್ಸಿನ ಎತ್ತರದಿಂದಲೋ ರಸ್ತೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನಾನು ಸೊಂಟ ಬಗ್ಗಿಸಿ ಅವನ ಮಟ್ಟಕ್ಕೆ ಬಂದು ನೋಡಿದೆ. ಕಂಬಿ ಕಂಬಿಗಳ ನಡುವೆ ಹೊಳೆ ತುಂಡು ತುಂಡಾಗಿ ಕಾಣುತ್ತಿತ್ತು. ಬಿಸಿಲು ಮೋಡದಿಂದ ಹೊರಬಂದಾಗ ಆ ತುಂಡುಗಳೆಲ್ಲ ಒಟ್ಟಿಗೆ ಹೊಳೆದವು.

“ಕುರ್ಚಿ ಓಡ್ತಿರುವಾಗ ಇವೆಲ್ಲ ಒಂದಕ್ಕೊಂದು ಸೇರ್ಕೊಳ್ಳುತ್ತೆ,” ಎಂದ ಡ್ರೈವರು ಯಾರಿಗೆಂದಿಲ್ಲದೆ. “ಹೊಲಿದ ಹಾಗೆ. ಇಪ್ಪತ್ತಾರು ವರ್ಷದಿಂದ ಈ ಸೇತುವೆ ಮೇಲೆ ಬಸ್ ಓಡಿಸ್ತಿದೀನಿ. ಕೆಳಗೆ ನೀರಿದೆ ಅಂತ ಗೊತ್ತಿತ್ತು, ಅಷ್ಟೆ.” ತಂಗಿಯ ಕಡೆ ತಿರುಗಿದ. “ನೀನು ದಿನಾ ನಿಲ್ಸೋದು ಇದಕ್ಕಾ?”

“ಮತ್ತೆ? ಸುಸ್ತಾಗಿ ಅಂದ್ಕೊಂಡಿದ್ಯಾ? ಸುಸ್ತಾಗೋದು ಕುರ್ಚಿಗೆ, ನನಗಲ್ಲ.”

“ಹೇಳ್ಬಾರದಿತ್ತಾ?”

“ಹೇಳಿದ್ರೆ ಕಾಣ್ತಿತ್ತಾ?”

ಮೆಲ್ಲಣ್ಣ ಮೀಟರಿನ ಮುಳ್ಳನ್ನು ನೋಡಿ, ಐದು ದೀಪಗಳನ್ನೂ ನೋಡಿದರು. ಮೂರು ಉರಿಯುತ್ತಿದ್ದವು. ಅಲ್ಲೇ ಕಾಲುದಾರಿಯ ಮೇಲೆ ಕುಳಿತುಬಿಟ್ಟರು. “ಸಾಕಪ್ಪಾ,” ಎಂದರು. “ಇನ್ನು ಹೀಗೆ ನಿಲ್ಸೋರು ಮೊದ್ಲೇ ಹೇಳಿ ನಿಲ್ಸಿ. ನನ್ನ ಬ್ಯಾಟರಿಗೂ ವಯಸ್ಸಾಗಿದೆ.”

ಡ್ರೈವರು ಎದ್ದು ತಂಗಿಗೆ ಕುರ್ಚಿ ಬಿಟ್ಟುಕೊಟ್ಟ. ಎತ್ತಿ ಕೂರಿಸುವಾಗ ಹೇಳಿದ: “ಒಂದು ಮಾತು. ಕೆಟ್ಟು ನಿಂತ್ರೆ ಕೆಂಪು ಬಟ್ಟೆ ಒಂದು ಕಂಬಿಗೆ ಕಟ್ಟು. ಅದು ಕಂಡ್ರೆ ಬಸ್ ನಿಲ್ಲಿಸ್ತೀನಿ. ಕಾಣದಿದ್ರೆ ನಿಲ್ಸಲ್ಲ, ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋ.”

“ನನ್ನ ಅಂಗಡೀಲಿ ಕೆಂಪು ಬಟ್ಟೆಗೆ ಬರಗಾಲವಾ?” ಎಂದರು ಹೊಲಿಗೆಯಕ್ಕ. ಆಮೇಲೆ ನೀಲಿ ದಾರದ ಉಂಡೆಯನ್ನು ಮೆಲ್ಲಣ್ಣನ ಕಡೆ ಚಾಚಿದರು. ಮೆಲ್ಲಣ್ಣ ಕೂತಲ್ಲಿಂದಲೇ ಕೈಪಟ್ಟಿಗೆ ದಾರ ಸುತ್ತಿ, ಎರಡು ಗಂಟು ಹಾಕಿ, ಹಲ್ಲಿನಿಂದ ಕಡಿದರು.

ಮುಂದಿನ ಒಂದೂವರೆ ತಿಂಗಳು ಮೆಲ್ಲಣ್ಣ ಉಳಿದ ಮೂವತ್ತಮೂರು ಮನೆಗಳಿಗೂ ಹೋದರು. ಬಾಗಿಲಲ್ಲಿ ನಿಂತು, “ನಾನು ಹೇಳಿದ್ದು ತಪ್ಪಾಗಿತ್ತು, ಮತ್ತೆ ನೋಡ್ತೀನಿ” ಎಂದು ಹೇಳಿ ದಾರ ಕತ್ತರಿಸಿಕೊಂಡು ಬಂದರು. ಆರು ಕುರ್ಚಿಗಳ ಬ್ಯಾಟರಿಗಳು ನಿಜವಾಗಿಯೂ ಸೋತಿದ್ದವು. ಯಾರೂ ಅವರನ್ನು ಬೈಯಲಿಲ್ಲ ಎಂದಲ್ಲ; ಇಬ್ಬರು ಚೆನ್ನಾಗಿಯೇ ಬೈದರು. ಅದನ್ನೂ ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಮೋಟರಿನ ದನಿ ಕೇಳಿಸಿಕೊಳ್ಳುವಾಗಿನ ಮುಖದಲ್ಲೇ ಎದ್ದು ಬಂದರು.

ಆಮೇಲೆ ಪ್ರತಿ ಸೋಮವಾರ ಗುಜರಿ ತಕ್ಕಡಿಯ ಮೇಲೆ ಮೊದಲು ಚೀಲ, ಆಮೇಲೆ ಮೆಲ್ಲಣ್ಣ. ಕೆಂಪು ಅಂಕಿಗಳನ್ನು ಅಳಿಸಿ ಸೀಮೆಸುಣ್ಣದಲ್ಲಿ ಬರೆಯತೊಡಗಿದರು. ಟೀ ಅಂಗಡಿಯವನು ಅವರ ಮುಂದೆ ಕೇಳದೆಯೇ ಇನ್ನೊಂದು ಬನ್ನು ಇಟ್ಟು, “ತಿನ್ನಿ, ಅರವತ್ತೆರಡಕ್ಕೆ ಇನ್ನೂ ಏಳು ಬಾಕಿ ಇದೆ” ಎನ್ನುತ್ತಿದ್ದ.

ಸಂಜೆ ಐದರ ಹೊತ್ತಿಗೆ ನಾನು ಹೊಳೆಯ ಕಡೆ ತಿರುಗಾಡಲು ಹೋಗುತ್ತಿದ್ದೆ. ನಡುಸೇತುವೆಯಲ್ಲಿ ಕುರ್ಚಿಯೊಂದು ನಿಂತಿರುತ್ತಿತ್ತು. ಕಂಬಿಗೆ ಕೆಂಪು ಬಟ್ಟೆ ಇರುತ್ತಿರಲಿಲ್ಲ. ಬಸ್ಸು ಬರುತ್ತಿತ್ತು. ಎರಡು ಸಲ ಹಾರ್ನು. ಹೊಲಿಗೆಯಕ್ಕ ತಿರುಗಿ ನೋಡದೆ ಕೈ ಎತ್ತುತ್ತಿದ್ದರು. ಸೇತುವೆಯ ಮೇಲೆ ದಾರಿ ಖಾಲಿ ಇದ್ದ ದಿನ, ಅಲ್ಲಿ ಬರುವಾಗ ಬಸ್ಸು ತುಸು ನಿಧಾನವಾಗುತ್ತಿತ್ತು.